ಹತ್ತನೆಯ ಮಗು

ಆ ಪುಟ್ಟ ಸೀಸೆಯಲ್ಲಿ ಹತ್ತು ಮಕ್ಕಳಿಗಾಗುವಷ್ಟು ಮದ್ದಿತ್ತು. ಅಂಗಳದಲ್ಲಿ ಒಂಬತ್ತೇ ಮಕ್ಕಳಿದ್ದರು. ಲಸಿಕೆ ಹಾಕಲು ಬಂದಿದ್ದ, ಬೀದಿಯವರ ಬಾಯಲ್ಲಿ ಸೂಜಿಯಣ್ಣನಾಗಿದ್ದ ಬಡಪಾಯಿಯ ಗ್ರಹಚಾರ ಶುರುವಾದದ್ದು ಅಲ್ಲಿಂದ.

ಗಂಟಲುಮಾರಿ ಲಸಿಕೆ ಬಾಕಿ ಇದ್ದದ್ದು ಈ ಬೀದಿಯ ಹತ್ತು ಮಕ್ಕಳಿಗೆ ಮಾತ್ರ. "ಸಂಜೆ ನಾಲ್ಕರೊಳಗೆ ಹತ್ತೂ ಮುಗೀಬೇಕು. ಇಲ್ಲಾಂದ್ರೆ ಬಸ್ಸೇ ಹೋಗದ ಊರಿಗೆ ಎತ್ತಿ ಹಾಕ್ತೀನಿ," ಎಂದು ಆಸ್ಪತ್ರೆಯ ಸಾಹೇಬರು ಬೆಳಿಗ್ಗೆಯೇ ಗದರಿಸಿದ್ದರು. ಸೀಸೆ ತೆರೆದ ಮೇಲೆ ಒಂದು ಹನಿಯೂ ವೇಸ್ಟ್ ಆಗಬಾರದೆಂಬ ಬಾಲವೂ ಅದಕ್ಕಿತ್ತು.

"ಹತ್ತನೇದು ಎಲ್ಲಿ?"

"ಮೂರನೇ ಮಹಡಿ ಅಜ್ಜಿ ಮೊಮ್ಮಗಳು," ಎಂದಳು ಟೈಲರ್ ಹೆಂಡತಿ. "ಅವಳಿಗೆ ಹಾಕೋ ತನಕ ನಮ್ಮ ಮಗೂನ ಮುಟ್ಟಬೇಡಿ. ಅಜ್ಜಿ ಬೇಡ ಅಂದಿದ್ದಾರೆ ಅಂದ್ರೆ ಏನೋ ಇರುತ್ತೆ."

ಉಳಿದ ಎಂಟು ತಾಯಂದಿರೂ ಒಂದೇ ದಾರಕ್ಕೆ ಕಟ್ಟಿದ ಗೊಂಬೆಗಳಂತೆ ತಲೆಯಾಡಿಸಿದರು.

ಸೂಜಿಯಣ್ಣ ಮೇಲಕ್ಕೋಡಿದ. ಅಜ್ಜಿ ಬಾಗಿಲಿಗೆ ಬೀರು ಅಡ್ಡ ಇಟ್ಟ ಹಾಗೆ ನಿಂತಿದ್ದಳು.

"ನಮ್ಮ ಪುಟ್ಟಿಗೆ ಗಂಟಲುಮಾರಿ ಬಂದಿದೆಯೇನಪ್ಪ?"

"ಇಲ್ಲ ಅಜ್ಜಿ, ಬರಬಾರದು ಅಂತಲೇ..."

"ಬರದೇ ಇರೋ ಕಾಯಿಲೆಗೆ ಮದ್ದಾ? ನಾಳೆ ಬಾ, ಬಂದಿದ್ರೆ ನೋಡೋಣ."

"ಬಂದ್ರೆ ಮಗು ಉಸಿರುಗಟ್ಟಿ ಹೋಗುತ್ತೆ ಅಜ್ಜಿ! ಮಳೆ ನಿಂತ್ಮೇಲೆ ಛತ್ರಿ ಕೊಳ್ತೀರಾ?"

ಅಜ್ಜಿ ಯೋಚಿಸಿದಳು. "ನನ್ನ ಗ್ಯಾಸ್ ಸಿಲಿಂಡರ್ ಕೆಳಗೇ ಕೂತಿದೆ. ತಂದುಕೊಡೋರೇ ಇಲ್ಲ."

ತುಂಬಿದ ಸಿಲಿಂಡರ್ ಹೊತ್ತು ಮೂರು ಮಹಡಿ ಹತ್ತುವಷ್ಟರಲ್ಲಿ ಅವನ ಸೊಂಟ ಹಳೇ ಬಾಗಿಲಿನ ಹಾಗೆ ಕಿರ್ರೆಂದಿತು. ಪುಟ್ಟಿಯನ್ನು ಎತ್ತಿಕೊಂಡು ಇಳಿದರೆ ಅಂಗಳದಲ್ಲಿ ಏಳೇ ಮಕ್ಕಳು. ಒಂದು ಮಂಚದಡಿ ಸಿಕ್ಕಿತು, ಇನ್ನೊಂದು ನೀರಿನ ಖಾಲಿ ಡ್ರಮ್ಮಿನಲ್ಲಿ. ಡ್ರಮ್ಮಿನದು ಮೊಣಕೈ ಕಚ್ಚಿತು.

ಮೂರೂಮುಕ್ಕಾಲಿಗೆ ಹತ್ತನೆಯ ಕಿರುಚಾಟವೂ ಮುಗಿಯಿತು. ಕುಂಟುತ್ತಲೇ ಓಡಿ ಸಾಹೇಬರ ಮೇಜಿನ ಮೇಲೆ ಪಟ್ಟಿ ಇಟ್ಟ.

"ಹತ್ತಕ್ಕೆ ಹತ್ತು, ಸರ್!"

ಸಾಹೇಬರ ಮುಖ ಬಿಳಿಚಿತು. "ಯಾರ್ರೀ ನಿಮಗೆ ಇಷ್ಟು ಕೆಲಸ ಮಾಡೋಕೆ ಹೇಳಿದ್ದು?"

"ನೀವೇ, ಸರ್."

"ನಿಮ್ಮ ಕೈಲಿ ಆಗಲ್ಲ ಅಂತ ಮಧ್ಯಾಹ್ನವೇ ವರದಿ ಕಳಿಸಿಬಿಟ್ಟೆ. ಆ ಹತ್ತೂ ಮನೆಯವರು ಊರು ಬಿಟ್ಟಿದ್ದಾರೆ, ಬೀದೀಲಿ ಒಂದು ಮಗೂನೂ ಬಾಕಿ ಇಲ್ಲ ಅಂತ. ಮೇಲಿನೋರು ಶಹಬ್ಬಾಸ್ ಅಂದು, ನಾಳೆ ಬೀದಿ ನೋಡೋಕೆ ಬರ್ತಿದ್ದಾರೆ."

"ಈಗೇನ್ ಮಾಡೋದು, ಸರ್?"

ಸಾಹೇಬರು ಪಟ್ಟಿಯನ್ನು ಮಡಚಿ ಅವನ ಜೇಬಿಗೇ ತುರುಕಿದರು.

"ಹತ್ತೂ ಮನೆಗೆ ಹೋಗಿ. ಬೆಳಗಾಗೋದ್ರೊಳಗೆ ಅವರು ಊರು ಬಿಟ್ಟಿರಬೇಕು. ಇಲ್ಲಾಂದ್ರೆ ನೀವು ಬಿಡ್ತೀರಿ."