ಹಟೀಬು ಮೊದಲ ಸಲ ಸತ್ತಾಗ

ಹಟೀಬು ಸೆಂಬೋಜ ಹೋದ ಮಂಗಳವಾರ ತೀರಿಕೊಂಡ. ಎರಡನೇ ಸಲ.

ಸುದ್ದಿ ಹೇಳಲು ಬೀದಿಗೆ ಓಡಿದವನು ನಾನೇ. ಕಾಫಿ ಮಾರುವ ಕಿಬ್ವಾನಾ ಕೈಯಲ್ಲಿದ್ದ ಬಟ್ಟಲನ್ನೂ ಕೆಳಗಿಡಲಿಲ್ಲ. "ಮ್ವಾಲಿಮು, ಮೊದ್ಲು ಹೋಗಿ ಅವನ ಕಿವಿ ಮೇಲಿರೋದನ್ನ ತೆಗೀರಿ. ತಾನೇ ಎದ್ದು ಕೂರ್ತಾನೆ," ಅಂದ.

ಮ್ವಾಲಿಮು ಅಂದರೆ ಮೇಷ್ಟ್ರು. ಕಡಲು ದಾಟಿ ಈ ಟಾಂಗಾ ಊರಿನ ಮಕ್ಕಳಿಗೆ ಲೆಕ್ಕ ಕಲಿಸಲು ಬಂದು ಇಲ್ಲೇ ಮುದುಕನಾದವನು ನಾನು.

ತೆಗೆದಿದ್ದೆ. ಎದ್ದು ಕೂರಲಿಲ್ಲ.

ಕಿಬ್ವಾನಾನನ್ನು ದೂರುವಂತಿಲ್ಲ. ಅವನು ಹಟೀಬುವಿನ ಮೊದಲನೇ ಸಾವನ್ನು ನೋಡಿದವನು. ನಾನು ಹೇಳಹೊರಟಿದ್ದೂ ಅದನ್ನೇ.

ಈ ಊರಲ್ಲಿ ಯಾರೂ ಬಾಗಿಲು ಬಡಿಯುವುದಿಲ್ಲ. ಹೊರಗೆ ನಿಂತು "ಹೋಡಿ!" ಎಂದು ಕೂಗುತ್ತಾರೆ. ಒಳಗಿನವರು "ಕರೀಬು!" ಅಂದರೆ ಬನ್ನಿ ಎಂದರ್ಥ. ಮೂರು ಸಲ ಕೂಗಿಯೂ ಕರೀಬು ಬರಲಿಲ್ಲವೋ, ಮಾನವಂತರು ತೆಪ್ಪಗೆ ಹಿಂದಿರುಗಬೇಕು. ಬಂದ ಹೊಸತರಲ್ಲಿ ನನಗಿದು ತಿಳಿದಿರಲಿಲ್ಲ. ಒಂದು ಬೆಳಿಗ್ಗೆ ದಪ್ಪ ಮೀಸೆಯ ಆಸಾಮಿಯೊಬ್ಬ ಬಾಗಿಲಲ್ಲಿ ನಿಂತು "ಹೊಡಿ! ಹೊಡಿ!" ಎಂದು ಗರ್ಜಿಸಿದ. ನನ್ನ ಕನ್ನಡದ ಕಿವಿಗೆ ಕೇಳಿಸಿದ್ದು ಹಾಗೆ! ಯಾರನ್ನು ಹೊಡೆಯಬೇಕೋ ತಿಳಿಯದೆ, ಇರಲಿ ಎಂದು ಪೊರಕೆ ಹಿಡಿದೇ ಹೊರಬಂದೆ. ಅವನು ಪೊರಕೆಯನ್ನು ನೋಡಿದ, ನನ್ನನ್ನು ನೋಡಿದ, ಆಮೇಲೆ ಕೈಯಲ್ಲಿದ್ದ ಮೀನಿನ ತಟ್ಟೆ ಚಾಚಿದ.

"ಪಕ್ಕದ ಮನೆಯವ್ನು. ಹೆಂಡ್ತಿ ಕಳ್ಸಿದ್ಲು. ನಿಮ್ಮೂರಲ್ಲಿ ಮೀನನ್ನ ಪೊರಕೇಲಿ ತಿಂತಾರಾ?"

ಅವನೇ ಹಟೀಬು. ಅಂದಿನಿಂದ ಸ್ನೇಹ.

ಹಟೀಬು ದುಡಿದದ್ದು ಕತ್ತಾಳೆ ನಾರಿನ ಕಾರ್ಖಾನೆಯಲ್ಲಿ, ಎಲೆ ಅರೆಯುವ ಯಂತ್ರದ ಬುಡದಲ್ಲಿ. ಆ ಗದ್ದಲದಿಂದ ನಿವೃತ್ತನಾಗಿ ಮನೆಗೆ ಬಂದರೆ ಹಿಂದುಗಡೆ ಯಾರದೋ ವೆಲ್ಡಿಂಗ್ ಅಂಗಡಿಯ ಗದ್ದಲ! ಅವನಿಗೆ ಒಂದೇ ಒಂದು ಆಸೆಯಿತ್ತು. ಅವನ ಹೆಂಡತಿ ಜುಹೂರಾ ಪ್ರಾಯದಲ್ಲಿ ಇಲ್ಲಿನ ತಾರಬ್ ಸಂಗೀತದ ಮೇಳವೊಂದರಲ್ಲಿ ಹಿಂದೆ ನಿಂತು ಪಲ್ಲವಿ ಹಾಡುತ್ತಿದ್ದಳು. ಆ ಕಾಲದ ಒಂದು ಹಾಡು ಮಾತ್ರ ಹೇಗೋ ಉಳಿದು ಅವನ ಫೋನಿಗೆ ಬಂದು ಸೇರಿತ್ತು. ಏಳೆಂಟು ಹೆಂಗಸರ ದನಿ, ಒಂದರೊಳಗೊಂದು ಹೆಣೆದುಕೊಂಡು. ಅದರಲ್ಲಿ ಜುಹೂರಾಳದು ಯಾವುದು? ಕೇಳಿದರೆ ಅವಳು, "ಕಟ್ಕೊಂಡೋನು ನೀನು. ನೀನೇ ಹುಡುಕ್ಕೋ," ಎನ್ನುತ್ತಿದ್ದಳು.

ಹೀಗಾಗಿ ನಾವಿಬ್ಬರೂ ಸೇರಿ ಆ ಹೆಡ್‌ಫೋನ್ ಕೊಂಡೆವು. ತಂತಿಯಿಲ್ಲ; ಕಿವಿಯನ್ನು ಇಡಿಯಾಗಿ ಮುಚ್ಚುತ್ತದೆ; ಹೊರಗಿನ ಗದ್ದಲವನ್ನು ನುಂಗಿ ನೀರು ಕುಡಿಯುತ್ತದೆ. ಒಪ್ಪದಿದ್ದರೆ ವಾರದೊಳಗೆ ವಾಪಸು ತೆಗೆದುಕೊಳ್ಳುವುದಾಗಿ ಅಂಗಡಿಯವನ ಮಾತು. ಹಟೀಬು ಎದೆ ತಟ್ಟಿದ: "ವಾರದೊಳಗೆ ನನ್ನ ಹೆಂಡ್ತಿ ದನಿ ಪತ್ತೆ ಹಚ್ಚದಿದ್ರೆ ಈ ಮೀಸೆ ಬೋಳಿಸ್ತೀನಿ!"

ನಾನು ಲೆಕ್ಕದ ಮೇಷ್ಟ್ರು, ಪರೀಕ್ಷೆ ಮಾಡದೆ ಬಿಟ್ಟೇನೆ? ಅಂಕ ಕೊಡುತ್ತಾ ಹೋದೆ. ಕೂರುವ ಬಗೆ: ಟೋಪಿ ಇದ್ದರೆ ಟೋಪಿ ಬೀಳುತ್ತದೆ, ಟೋಪಿ ತೆಗೆದರೆ ಬೋಳುತಲೆಯಿಂದ ಹೆಡ್‌ಫೋನೇ ಜಾರುತ್ತದೆ, ಅಂತೂ ಪಾಸು. ಸೆಕೆ: ಒಂದು ಹಾಡು ಮುಗಿಯುವುದರೊಳಗೆ ಕಿವಿಗಳೆರಡೂ ಇಡ್ಲಿಯಂತೆ ಬೇಯುತ್ತವೆ, ನಪಾಸು. ಗದ್ದಲ: ಫ್ಯಾನು ಮಾಯ, ವೆಲ್ಡಿಂಗ್ ಮಾಯ, ಕಾಗೆ ಅರ್ಧ ಮಾಯ, ಪ್ರಥಮ ದರ್ಜೆ! ಜುಹೂರಾಳ ಹಾಡು ಕೊನೆಯ ಪತ್ರಿಕೆ. ಅದನ್ನು ಸಂಜೆ ಇಬ್ಬರೂ ಕೂತು ಕೇಳುವುದೆಂದು ಒಪ್ಪಂದವಾಯಿತು.

ಜುಹೂರಾ ಪಂಗಾನಿಯಲ್ಲಿದ್ದ ತಂಗಿಯ ಮನೆಗೆ ಹೋಗಿದ್ದಳು. ಹಟೀಬುವಿಗೆ ಸಂಜೆಯವರೆಗೆ ತಾಳ್ಮೆ ಎಲ್ಲಿ? ಮಧ್ಯಾಹ್ನ ಉಂಡವನೇ ಅಗುಳಿ ಹಾಕಿ, ಕಿವಿ ಮುಚ್ಚಿ ಕೂತುಬಿಟ್ಟ.

ಹಾಲಿನವನು ಬಂದ. ಹೋಡಿ, ಹೋಡಿ, ಹೋಡಿ. ಹೋದ. ಮಸೀದಿಯ ಹಿರಿಯರಿಬ್ಬರು ಬಂದರು, ಹೋದರು. ನಾನೂ ಹೋಗಿ ಕೂಗಿದೆ. ಎಲ್ಲೋ ಹೊರಗೆ ಹೋಗಿರಬೇಕೆಂದುಕೊಂಡು, ದಾರಿಯಲ್ಲಿ ಸಿಕ್ಕ ಕಿಬ್ವಾನಾಗೆ "ಹಟೀಬು ಇಲ್ಲ ಅನ್ಸತ್ತೆ," ಎಂದು ಹೇಳಿ ಕ್ಷೌರದಂಗಡಿಗೆ ನಡೆದೆ.

"ಇಲ್ಲ"ಕ್ಕೂ "ಇನ್ನಿಲ್ಲ"ಕ್ಕೂ ನಡುವೆ ಒಂದೇ ಅಕ್ಷರ. ಕಿಬ್ವಾನಾ ಬೀದಿಯ ತುದಿ ಮುಟ್ಟುವಷ್ಟರಲ್ಲಿ ಆ ಅಕ್ಷರ ಎಲ್ಲಿಂದಲೋ ಬಂದು ಸೇರಿಕೊಂಡಿತ್ತು!

ನನ್ನ ಎಡಗೆನ್ನೆ ಮುಗಿದಿತ್ತು. ಬಲಗೆನ್ನೆಗೆ ಕತ್ತಿ ತಾಗಿಸುತ್ತಾ ಕ್ಷೌರಿಕ ಮೆಲ್ಲಗೆ, "ಧೈರ್ಯ ತಂದ್ಕೊಳ್ಳಿ ಮ್ವಾಲಿಮು. ನಿಮ್ಮ ಹಟೀಬು ಒಳ್ಳೇ ಮನುಷ್ಯ. ಹೋಗ್ಬಿಟ್ರಂತೆ," ಅಂದ.

ನಾನೇ ಹುಟ್ಟಿಸಿದ ಸುದ್ದಿ ನನಗೇ ಗುರುತು ಹತ್ತದಷ್ಟು ಬೆಳೆದು ಬಂದಿತ್ತು. ನಾನು ಅರ್ಧ ಮುಖದ ನೊರೆಯೊಂದಿಗೇ ಬೀದಿಯುದ್ದಕ್ಕೂ ಅಳುತ್ತಾ ಓಡಿದೆ. ಮನೆಯ ಮುಂದೆ ಚಾಪೆ ಹಾಸಿಯಾಗಿತ್ತು. ಗಂಡಸರು ತಲೆ ತಗ್ಗಿಸಿ ಕೂತಿದ್ದರು. ಯಾರೋ ಹೆಣಕ್ಕೆ ಸುತ್ತುವ ಕಫನಿನ ಬಟ್ಟೆ ತರಲು ಹೋಗಿದ್ದರು. ಜುಹೂರಾಳಿಗೆ ಫೋನು ಹೋಗಿತ್ತು; ಹೆಂಡತಿ ಬರದೆ ಬಾಗಿಲು ಒಡೆಯುವುದು ಸರಿಯಲ್ಲ ಎಂದು ಹಿರಿಯರು ತೀರ್ಪು ಕೊಟ್ಟಿದ್ದರು. ನನ್ನ ಸುತ್ತ ಜನ ಸೇರಿದರು. "ಪಾಪ, ದುಃಖಕ್ಕೆ ಅರ್ಧ ಗಡ್ಡ ಬೋಳಿಸ್ಕೊಂಡಿದಾರೆ. ಅವರ ಕಡೆ ಪದ್ಧತಿ ಇರ್ಬೇಕು," ಎಂದು ಯಾರೋ ಅಂದದ್ದು ಕಿವಿಗೆ ಬಿತ್ತು.

ಪಂಗಾನಿಯ ಬಸ್ಸು ತಿರುವಿನಲ್ಲಿ ನಿಂತಿತು. ಜುಹೂರಾ ಇಳಿದವಳೇ ಒಂದು ಗೋಳು ತೆಗೆದಳು ನೋಡಿ! ವೆಲ್ಡಿಂಗ್ ನಿಂತಿತು. ಕಾಗೆಗಳು ಹಾರಿದವು. ಒಳಗೆ ಅಗುಳಿ ಸರಿಯಿತು.

ಬಾಗಿಲಲ್ಲಿ ಹಟೀಬು. ಹೆಡ್‌ಫೋನ್ ಕೊರಳಿಗೆ ಇಳಿದಿತ್ತು.

"ಏನ್ರಯ್ಯಾ ಇದು? ಯಾರು ಸತ್ರು?"

ಕಿಬ್ವಾನಾ, "ನೀನೇ," ಅಂದ.

"ಯಾವಾಗ?"

"ಊಟ ಆದ್ಮೇಲೆ."

"ಸದ್ಯ! ಊಟ ಆಗಿತ್ತಲ್ಲ!"

ಜುಹೂರಾ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಕಣ್ಣು ಒಣಗಿದ್ದೇ ತಡ, ಬೆಂಕಿ ಹೊತ್ತಿತು. "ಪಂಗಾನಿಯಿಂದ ಅತ್ಕೊಂಡು ಬಂದಿದೀನಿ ಕಣೋ! ನನ್ನ ಜೊತೆ ಬಸ್ಸಿನೋರೆಲ್ಲ ಅತ್ತಿದಾರೆ. ಡ್ರೈವರ್ ದುಡ್ಡು ತಗೊಳ್ಲಿಲ್ಲ. ಈಗ ಅವ್ರಿಗೇನು ಹೇಳ್ಲಿ?"

"ಅದಿರ್ಲಿ ಕಣೇ, ಸಿಕ್ತು! ನಿನ್ನ ದನಿ ಸಿಕ್ತು! ಎರಡ್ನೇ ಸಲ ಪಲ್ಲವಿ ಬಂದಾಗ ಎಲ್ರೂ ಇಳೀತಾರೆ, ಒಂದು ದನಿ ಮಾತ್ರ ಇಳಿಯೋಕೆ ಒಪ್ಪಲ್ಲ. ನೀನೇ ಅದು!"

"ಅದು ರುಕಿಯಾ," ಅಂದಳು ಜುಹೂರಾ. "ನನಗೆ ಅವತ್ತು ಗಂಟಲು ಕಟ್ಟಿತ್ತು. ಸುಮ್ನೆ ಬಾಯಾಡಿಸ್ದೆ."

ಚಾಪೆಯ ಮೇಲಿದ್ದವರು ಅಷ್ಟು ಹೊತ್ತು ತಡೆದಿದ್ದ ನಗೆಯನ್ನೆಲ್ಲ ಒಟ್ಟಿಗೆ ಬಿಟ್ಟರು. ನಾನು ನನ್ನ ಪ್ರಥಮ ದರ್ಜೆಯನ್ನು ಅಲ್ಲೇ ಹಿಂತೆಗೆದುಕೊಂಡು, "ವಾಪಸು ಕೊಟ್ಬಿಡೋಣ," ಅಂದೆ. ಹಟೀಬು ಒಪ್ಪಲಿಲ್ಲ. "ಫೇಲಾಗಿದ್ದು ಅದಲ್ಲ ಮ್ವಾಲಿಮು, ನನ್ನ ಕಿವಿ," ಎಂದು ಮರುದಿನ ಮೀಸೆ ಬೋಳಿಸಿಕೊಂಡು ಬಂದ. ಆಮೇಲೂ ದಿನಾ ಮಧ್ಯಾಹ್ನ ಅದೇ ಹಾಡು.

ಜುಹೂರಾಳ ಷರತ್ತು ಒಂದೇ: ಇನ್ನು ಮುಂದೆ ಒಂದು ಹೋಡಿಯೂ ಉತ್ತರವಿಲ್ಲದೆ ಹಿಂದಿರುಗಕೂಡದು. ಹಟೀಬು ಇದಕ್ಕೆ ತನ್ನದೇ ಉಪಾಯ ಹೂಡಿದ. ಹೆಡ್‌ಫೋನ್ ಹಾಕಿ ಕೂತಾಗ, ಯಾರಿರಲಿ ಬಿಡಲಿ, ಆಗಾಗ ಬಾಗಿಲ ಕಡೆಗೆ ಜೋರಾಗಿ "ಕರೀಬು!" ಎಂದು ಕೂಗುವುದು! ಬೀದಿಯಲ್ಲಿ ಹೋಗುತ್ತಿದ್ದವರೆಲ್ಲ ಒಳಗೆ ಬಂದರು. ಸೊಳ್ಳೆಪರದೆ ಮಾರುವವನು ಬಂದ. ಪಕ್ಕದ ಬೀದಿಯ ಮೇಕೆ ಬಂದು ಚಾಪೆಯ ಅಂಚು ಮೇಯ್ದು ಹೋಯಿತು. "ಇದು ಮನೆಯೋ ಬಸ್‌ಸ್ಟ್ಯಾಂಡೋ?" ಎಂದು ಜುಹೂರಾ ಗೊಣಗುತ್ತಲೇ ಬಂದವರಿಗೆಲ್ಲ ಚಹಾ ಕೊಟ್ಟಳು.

ಈ ಸಲ ಹಟೀಬುವನ್ನು ನಿಜಕ್ಕೂ ಮಣ್ಣು ಮಾಡಿ ಬಂದ ಸಂಜೆ ಅವಳು ನನಗೊಂದು ಮಾತು ಹೇಳಿದಳು. "ನನಗೆ ಅವತ್ತು ಗಂಟಲು ಕಟ್ಟಿರ್ಲಿಲ್ಲ ಮ್ವಾಲಿಮು. ಆ ದನಿ ನಂದೇ. ಸಿಟ್ಟಿಗೆ ಹಾಗಂದೆ."

"ಆಮೇಲಾದ್ರೂ ಹೇಳ್ಬಹುದಿತ್ತಲ್ಲ ಜುಹೂರಾ?"

"ಯಾಕೆ ಹೇಳ್ಲಿ? ದಿನಾ ಕೂತು ಹುಡುಕ್ತಿದ್ದ." ಆಮೇಲೆ ನಕ್ಕಳು. "ಅವನಿಗೂ ಗೊತ್ತಿತ್ತು. ಜೀವಮಾನವಿಡೀ ತನ್ನ ಹತ್ರ ಜಗಳ ಆಡಿದ ದನಿ ಯಾರಿಗೆ ಗೊತ್ತಾಗಲ್ಲ?"

ಆ ಮಂಗಳವಾರ ಜುಹೂರಾ ಹಿತ್ತಲಲ್ಲಿ ತೆಂಗಿನಕಾಯಿ ತುರಿಯುತ್ತಿದ್ದಳು. ನಾನು ಒಳಗೆ ಕಾಲಿಟ್ಟಾಗ ಹಟೀಬು ಗೋಡೆಗೆ ಒರಗಿ ಕೂತಿದ್ದ. ಹೆಡ್‌ಫೋನಿನಲ್ಲಿ ಹೆಂಗಸರು ಹಾಡುತ್ತಲೇ ಇದ್ದರು, ಕೇಳುವವನು ಇರಲಿಲ್ಲ. ಅದಕ್ಕೆ ತುಸು ಮುಂಚೆ ನಾನು ಹೊರಗೆ ಚಪ್ಪಲಿ ಬಿಡುತ್ತಿದ್ದೆ. ಚಹಾದ ಜೊತೆಗೆಂದು ತಂದ ರೊಟ್ಟಿ ಕಂಕುಳಲ್ಲಿತ್ತು. "ಹೋಡಿ" ಎನ್ನಲು ಇನ್ನೂ ಬಾಯಿ ತೆರೆದಿರಲಿಲ್ಲ. ಅಷ್ಟರಲ್ಲಿ ಒಳಗಿನಿಂದ ಹಟೀಬು, ಎಂದಿನಂತೆ ಗಟ್ಟಿಯಾಗಿ, "ಕರೀಬು!" ಅಂದ.