ಅತ್ತೆಯ ಮೊಣಕೈ ಮತ್ತು ಐದು ಫೌಲು

ನಮ್ಮ ಸೋದರತ್ತೆಯ ಮೊಣಕೈಗೆ ಸರ್ಕಾರ ಲೈಸೆನ್ಸ್ ಕಡ್ಡಾಯ ಮಾಡಬೇಕು ಎಂದು ನಾನು ಬಹಳ ವರ್ಷದಿಂದ ಹೇಳುತ್ತಾ ಬಂದಿದ್ದೇನೆ. ಯಾರೂ ಕಿವಿಗೆ ಹಾಕಿಕೊಂಡಿಲ್ಲ. ಹಾಕಿಕೊಳ್ಳದವರು ಒಂದು ಸಂಜೆ ಕಲಬುರಗಿ ಬಸ್ ಸ್ಟ್ಯಾಂಡಿನಲ್ಲಿ, ಕಮಲಾಪುರದ ಬಸ್ಸು ಬರುವ ಹೊತ್ತಿಗೆ, ಅತ್ತೆಯ ಪಕ್ಕ ನಿಂತು ನೋಡಲಿ. ಬಸ್ಸಿನ್ನೂ ತಿರುವಿನಲ್ಲಿರುತ್ತದೆ, ಅತ್ತೆಯ ಸೆರಗು ಆಗಲೇ ಸೊಂಟ ಸೇರಿರುತ್ತದೆ. ಬಸ್ಸು ನಿಲ್ಲುವಷ್ಟರಲ್ಲಿ ಬಲ ಮೊಣಕೈ ಒಬ್ಬರ ಪಕ್ಕೆಗೆ, ಎಡ ಮೊಣಕೈ ಇನ್ನೊಬ್ಬರ ಟಿಫಿನ್ ಡಬ್ಬಿಗೆ! ಮೊದಲು ಇಳಿಯುವವರು ಇಳಿಯಲಿ, ಆಮೇಲೆ ಹತ್ತುವವರು ಹತ್ತಲಿ ಎಂಬ ನಿಯಮವೆಲ್ಲ ಅತ್ತೆಗೆ ಲೆಕ್ಕಕ್ಕಿಲ್ಲ. ಅವಳು ಹತ್ತುವ ರಭಸಕ್ಕೆ ಇಳಿಯಲು ಬಂದವರು ವಾಪಸ್ ಹೋಗಿ ಕೂತದ್ದನ್ನು ನಾನೇ ಕಂಡಿದ್ದೇನೆ.

ಕಿಟಕಿಯಿಂದ ಟವೆಲ್ಲೋ ಕರವಸ್ತ್ರವೋ ಎಸೆದು ಸೀಟು ಹಿಡಿಯುವುದು ನಮ್ಮ ಕಡೆಯ ಪದ್ಧತಿ. ಸೀಟಿನ ಮೇಲೆ ಬಿದ್ದ ಟವೆಲ್ಲು ನೋಂದಣಿ ಕಚೇರಿಯ ಕಾಗದಕ್ಕಿಂತ ಗಟ್ಟಿ. ಅದನ್ನು ಸರಿಸಿ ಕೂರುವ ಗಂಡಸು ಇನ್ನೂ ಹುಟ್ಟಿಲ್ಲ. ನಾನು ಸಣ್ಣವಳಿದ್ದಾಗ ಒಂದು ಸಲ ಅತ್ತೆಯ ಕೈಯಲ್ಲಿ ಎಸೆಯಲು ಏನೂ ಇರಲಿಲ್ಲ. ಒಂದು ಕೈಯಲ್ಲಿ ನಾನು, ಇನ್ನೊಂದರಲ್ಲಿ ಸಂತೆಯ ಚೀಲ. ನನ್ನನ್ನು ಎಸೆಯುತ್ತಾಳೇನೋ ಎಂದು ಹೆದರಿದ್ದೆ. ಪುಣ್ಯಕ್ಕೆ ಕಾಲಿನ ಚಪ್ಪಲಿ ಕಿತ್ತು ಎಸೆದಳು. ಗುರಿ ತಪ್ಪಲಿಲ್ಲ, ಸೀಟಿನ ನಟ್ಟನಡುವೆ ಬಿತ್ತು. ಆದರೆ ಅದು ಕಮಲಾಪುರದ ಬಸ್ಸಲ್ಲ, ಆಳಂದದ್ದು. ನಾವು ಬೋರ್ಡು ಓದುವಷ್ಟರಲ್ಲಿ ಬಸ್ಸು ಹೊರಟೇ ಹೋಯಿತು. ಅತ್ತೆ ಒಂದೇ ಚಪ್ಪಲಿಯಲ್ಲಿ ನಿಂತು, ಸೋತ ಮುಖ ಮಾಡದೆ ಹೇಳಿದಳು:

"ಹೋಗ್ಲಿ ಬಿಡು. ಆಳಂದ ತನಕಾ ಆ ಸೀಟಿನ್ಯಾಗ ಒಬ್ಬರೂ ಕೂಡಂಗಿಲ್ಲ, ನೋಡ್ತಿರು!"

ತಾಯಿ ಇಲ್ಲದ ನನ್ನನ್ನು ಸಾಕಿ, ಓದಿಸಿ, ಮದುವೆ ಮಾಡಿದವಳು ಇವಳೇ. ಹೀಗಾಗಿ ಬೈಯುವ ಹಾಗಿಲ್ಲ, ಸಹಿಸುವ ಹಾಗೂ ಇಲ್ಲ. ಕಮಲಾಪುರದಲ್ಲೇ ಇದ್ದಿದ್ದರೆ ಹೇಗೋ ನಡೆಯುತ್ತಿತ್ತು. ಆದರೆ ವಾರಕ್ಕೊಮ್ಮೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಹಿತ್ತಲಿನ ಬಾಳೆಹಣ್ಣು ಹೊತ್ತು ಶರಣಸಿರಸಗಿ ಕಡೆಯ ನಮ್ಮ ಹೊಸ ಬಡಾವಣೆಯ ಮನೆಗೆ ಬಂದಿಳಿಯುತ್ತಾಳೆ. ಬಂದಾಗಲೆಲ್ಲ ಯಾವುದೋ ಒಂದು ವಿಷಯಕ್ಕೆ ಮೊಣಕೈ ಹಾಕುತ್ತಾಳೆ. ಕಳೆದ ವರ್ಷ ಅವಳು ಮೊಣಕೈ ಹಾಕಿದ್ದು ಬ್ಯಾಸ್ಕೆಟ್‌ಬಾಲಿಗೆ!

ನನ್ನ ಮಗಳು ಬ್ಯಾಸ್ಕೆಟ್‌ಬಾಲ್ ಆಡುತ್ತಾಳೆ. ಎತ್ತರ ಇದ್ದಾಳೆ, ಓಟ ಇದೆ, ಗುರಿ ಇದೆ. ಕ್ರೀಡಾ ಹಾಸ್ಟೆಲ್ಲಿಗೆ ಆಯ್ಕೆಯಾಗಬೇಕು, ಮುಂದೆ ರಾಜ್ಯದ ತಂಡಕ್ಕೆ ಆಡಬೇಕು ಎಂಬ ಆಸೆ ಬೆಟ್ಟದಷ್ಟಿದೆ. ಇಲ್ಲದ್ದು ಒಂದೇ, ಜೋರು. ಹಿಂದಿನ ವರ್ಷದ ಆಯ್ಕೆಯಲ್ಲಿ ಅವಳನ್ನು ಬಿಟ್ಟಾಗ ಆಯ್ಕೆ ಮಾಡುವವರು ಹೇಳಿದ್ದೂ ಅದನ್ನೇ: "ಹುಡುಗಿ ಚೆನ್ನಾಗಿ ಆಡುತ್ತಾಳೆ, ಆದರೆ ಬಹಳ ಮೆತ್ತಗೆ." ಆ ದಿನ ಅವಳು ಊಟ ಮಾಡಲಿಲ್ಲ, ಅಳಲೂ ಇಲ್ಲ. ಚೆಂಡನ್ನು ಮಂಚದ ಕೆಳಗೆ ತಳ್ಳಿ ಗೋಡೆಗೆ ಮುಖ ಮಾಡಿ ಮಲಗಿದಳು. ವಯಸ್ಸಿನ ಮಿತಿಯ ಪ್ರಕಾರ ಅವಳಿಗೆ ಇನ್ನೊಂದೇ ಅವಕಾಶ ಉಳಿದಿತ್ತು.

ಸುದ್ದಿ ಕೇಳಿದ ಅತ್ತೆ ಮುಂದಿನ ಪಂದ್ಯಕ್ಕೆ ತಾನೂ ಬರುತ್ತೇನೆ ಎಂದಳು. ಬೇಡ ಎಂದೆ. ಬೇಡ ಎಂದರೆ ಅತ್ತೆಗೆ ಬಸ್ಸು ಸಿಕ್ಕಂತೆಯೇ!

ಆ ಪಂದ್ಯದಲ್ಲಿ ನಡೆದದ್ದನ್ನು ಹೇಳಿದರೆ ಬೇರೆ ಊರಿನವರು ನಂಬಲಿಕ್ಕಿಲ್ಲ. ಚೆಂಡು ರಿಂಗಿಗೆ ಬಡಿದು ಹೊರಗೆ ಚಿಮ್ಮಿತು. ನನ್ನ ಮಗಳು ಹಾರಿ ಹಿಡಿದಳು. ಇಳಿಯುವಾಗ ಅವಳ ಕಾಲು ಎದುರಾಳಿ ಹುಡುಗಿಯ ಪಾದಕ್ಕೆ ತಾಗಿತು. ಆಟ ನಡೆದೇ ಇತ್ತು, ಬುಟ್ಟಿ ತಲೆಯ ಮೇಲೇ ಇತ್ತು. ಇವಳೇನು ಮಾಡಿದಳು ಗೊತ್ತೆ? ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು, ಬಗ್ಗಿ, ಆ ಹುಡುಗಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು! ಕಾಲು ತಾಗಿದರೆ ನಮಸ್ಕಾರ ಮಾಡಬೇಕಲ್ಲವೇ? ಆ ಹುಡುಗಿ ಆಶೀರ್ವಾದ ಮಾಡಲಿಲ್ಲ. ಕಂಕುಳಿಂದ ಚೆಂಡು ಕಿತ್ತುಕೊಂಡು ಹೋಗಿ ಆ ಕಡೆಯ ಬುಟ್ಟಿಗೆ ಹಾಕಿದಳು.

ಅತ್ತೆ ಹಣೆ ಹಣೆ ಚಚ್ಚಿಕೊಂಡಳು.

"ಏ ಹುಚ್ಚಿ! ಆಟದಾಗ ಯಾರರೇ ನಮಸ್ಕಾರ ಮಾಡ್ತಾರೇನ? ಯಾರ ಕಲಿಸ್ಯಾರ ಇದಕ್ಕ ಇದನ್ನ?"

"ನೀನ ಅತ್ತಿ," ಎಂದೆ. "ಮೂರು ವರ್ಷದ ಕೂಸಿದ್ದಾಗಿಂದ ತಲಿ ಹಿಡದು ಬಗ್ಗಿಸಿ ಬಗ್ಗಿಸಿ ಕಲಿಸೀದಿ."

"ನಾ ಕಲಿಸಿದ್ದು ಮನ್ಯಾಗ ಮಾಡಂತ! ಇಲ್ಲಿ ಮಾಡು ಅಂದೀನೇನ?"

ಅಂದಿನಿಂದ ಅತ್ತೆ ಸ್ವಯಂಘೋಷಿತ ಕೋಚ್ ಆದಳು. ನಿಜವಾದ ಕೋಚ್ ಒಬ್ಬರಿದ್ದರು, ಪಾಪ. ಮನೆಯಲ್ಲಿ ದಖನಿ ಉರ್ದು, ಮೈದಾನದಲ್ಲಿ ಕನ್ನಡ, ಸಿಟ್ಟು ಬಂದಾಗ ಎರಡೂ ಮಾತಾಡುವ ಸಜ್ಜನ ಮನುಷ್ಯ. ಮೈದಾನದ ಅಂಚಿನಲ್ಲಿ ನಿಂತು "ಮೊಣಕೈ ಹಾಕ! ಮೊಣಕೈ ಹಾಕ!" ಎಂದು ಕೂಗುವ ಈ ಮುದುಕಿಯನ್ನು ಕಂಡು ಅವರು ಕೈಮುಗಿದರು.

"ಅಮ್ಮಾ, ಮೊಣಕೈ ಹಾಕಿದ್ರ ಫೌಲ್ ಆಗ್ತದರಿ. ಐದು ಫೌಲ್ ಆದ್ರ ಹೊರಗ ಕಳಸ್ತಾರ."

"ಐದು ತನಕಾ ಬಿಡ್ತಾರೇನ?"

"ನಾಲ್ಕರ ತನಕಾ ಬಿಡ್ತಾರರಿ."

"ನಮ್ಮ ಪೋರಿ ಈ ತನಕಾ ಎಷ್ಟು ಮಾಡ್ಯಾಳ?"

"ಒಂದೂ ಇಲ್ಲರಿ."

ಅತ್ತೆ ನನ್ನ ಕಡೆ ತಿರುಗಿದಳು. ನಾನೇನೋ ಕೊಲೆ ಮಾಡಿದವಳೆಂಬ ಹಾಗೆ ನೋಡಿದಳು.

"ಕೇಳಿದ್ಯಾ? ನಾಲ್ಕು ಕೊಟ್ಟಾರ, ಒಂದೂ ತಗೊಂಡಿಲ್ಲ ನಿನ್ನ ಮಗಳು! ಬಂದ ರೇಷನ್ ಅಂಗಡ್ಯಾಗ ಬಿಟ್ಟು ಬರಾಕಿ ಯಾರರೇ ಇರ್ತಾರೇನ?"

ಕೋಚ್ ನಗುತ್ತಾರೆ ಅಂದುಕೊಂಡೆ. ಅವರು ಗಂಭೀರವಾಗಿ ತಲೆಯಾಡಿಸಿದರು. "ಸಹೀ ಬಾತ್ ಅದರಿ. ಒಂದೂ ಫೌಲ್ ಮಾಡಂಗಿಲ್ಲ ಅಂದ್ರ ಆಕಿ ಯಾರ ಹತ್ರಾನೂ ಹೋಗಂಗಿಲ್ಲ ಅಂತ ಅರ್ಥ. ದೂರ ನಿಂತು ಛಂದ ಆಡ್ತಾಳ." ಇಬ್ಬರು ಹುಚ್ಚರ ನಡುವೆ ನಾನು ಒಬ್ಬಳೇ ಶಾಣ್ಯಾಕೆ ಎಂದು ಆಗ ನನಗೆ ಖಚಿತವಾಯಿತು.

ಅಲ್ಲಿಗೆ ಮುಗಿಯಿತೇ? ಇಲ್ಲ. ಒಂದು ಭಾನುವಾರ ಅತ್ತೆ ಮೊಮ್ಮಗಳನ್ನು ತರಬೇತಿಗೆಂದು ಕರೆದುಕೊಂಡು ಹೋದಳು. ಮೈದಾನಕ್ಕೆ ಅಂದುಕೊಂಡೆ. ಹೋದದ್ದು ಬಸ್ ಸ್ಟ್ಯಾಂಡಿಗೆ! ಬರುವ ಬಸ್ಸಿಗೆಲ್ಲ ನುಗ್ಗಿ ಹತ್ತುವುದು, ಕಿಟಕಿ ಸೀಟು ಹಿಡಿಯುವುದು, ಬಸ್ಸು ಹೊರಡುವ ಮೊದಲು ಇಳಿಯುವುದು, ಮುಂದಿನದಕ್ಕೆ ನುಗ್ಗುವುದು. ಒಬ್ಬ ಕಂಡಕ್ಟರ್ ಕೇಳಿದನಂತೆ, "ಎಲ್ಲಿಗಿ ಹೊಂಟೀರಿ ಆಯಿ?" ಅತ್ತೆಯ ಉತ್ತರ: "ಎಲ್ಲಿಗೂ ಇಲ್ಲಪಾ. ಪ್ರಾಕ್ಟೀಸ್."

ಮಧ್ಯಾಹ್ನ ಫೋನ್ ಬಂತು. ಇಳಿಯುವ ಮೊದಲೇ ಒಂದು ಬಸ್ಸು ಹೊರಟುಬಿಟ್ಟು, ಇಬ್ಬರೂ ಮಹಾಗಾಂವದಲ್ಲಿ ನಿಂತಿದ್ದರು.

"ಅತ್ತೀ! ಆ ಹುಡುಗಿಗಿ ನಾಳೆ ಪರೀಕ್ಷಾ ಅದ!"

"ಪರೀಕ್ಷಾದ ಮಾತ ಬಿಡು. ಮಾನ ಹೋತು ಇಲ್ಲಿ. ಕಿಡಕಿ ಸೀಟ ಹಿಡದಿದ್ಲು, ಭೇಷ್ ಹಿಡದಿದ್ಲು. ಕೂಸಿನ ತಾಯಿ ಒಬ್ಬಾಕಿ ಬಂದಳು, ಎದ್ದು ಕೊಟ್ಟಳು! ನಿನ್ನ ಮಗಳು ಉದ್ಧಾರ ಆಗಂಗಿಲ್ಲ."

ನಾನು ಫೋನಿಟ್ಟು ನನ್ನ ಗಂಡನಿಗೆ ಬೈದೆ. ಅವರು ಏನೂ ಮಾಡಿರಲಿಲ್ಲ, ಎದುರಿಗಿದ್ದರು ಅಷ್ಟೆ.

ಆದರೆ ಅಂದು ಸಂಜೆ ಅಡುಗೆಮನೆಯಿಂದ ಒಂದು ಮಾತುಕತೆ ಕೇಳಿಸಿಕೊಂಡೆ. ಮಗಳು ಅತ್ತೆಯನ್ನು ಆಯಿ, ಅಂದರೆ ಅಜ್ಜಿ, ಎನ್ನುತ್ತಾಳೆ.

"ಆಯಿ, ನಂಗ ಮಂದಿಗಿ ದೂಡಾಕ ಬರಂಗಿಲ್ಲ. ಮನಸೇ ಆಗಂಗಿಲ್ಲ."

"ದೂಡಂತ ಯಾರಂದ್ರು? ನೀ ನಿಂತ ಜಾಗಾ ಅದ ಅಲ, ಅದು ನಿಂದು. ಅದನ್ನ ಬಿಡಬ್ಯಾಡ, ಅಷ್ಟ. ಕಾಲು ಅಗಲ ಮಾಡಿ ನಿಂದ್ರು. ಆಕಿ ಬಂದು ಬಡಕೊಂಡ್ರ ಆಕಿ ತಪ್ಪು."

"ಕಾಲು ತಾಗಿದ್ರ?"

ಅತ್ತೆ ಪೇಚಿಗೆ ಸಿಕ್ಕಿದಳು. ತಾನೇ ಕಲಿಸಿದ ಪದ್ಧತಿ. ಬಿಡು ಎನ್ನಲು ಬಾಯಿ ಬರಲಿಲ್ಲವೇನೋ.

"ಮೊದಲ ಬುಟ್ಟಿಗಿ ಹಾಕು, ಆಮ್ಯಾಲ ನಮಸ್ಕಾರ ಮಾಡು. ದೇವರಿಗೇನ ಅವಸರ ಅದ? ಕಾಯ್ತಾನ."

ಹದಿನೈದು ವರ್ಷ ನಾನು ಹೇಳಿದ ಯಾವ ಬುದ್ಧಿಮಾತೂ ಆ ಹುಡುಗಿಗೆ ಹತ್ತಿರಲಿಲ್ಲ. ಇದು ಹತ್ತಿತು. ಕಾಲೊರೆಸುವ ಚೀಲ ಹಾಸಿ, ಅದರ ಮೇಲೆ ಅಗಲವಾಗಿ ನಿಂತು, ಬೆನ್ನಿಂದ ಅತ್ತೆಯನ್ನು ತಡೆಯುವ ಅಭ್ಯಾಸ ಶುರುವಾಯಿತು. ಅತ್ತೆ ಹಿಂದಿನಿಂದ ನುಗ್ಗುತ್ತಾಳೆ, ಇವಳು ಚೀಲ ಬಿಟ್ಟು ಅಲುಗಬಾರದು. ಈ ಕುಸ್ತಿಯಲ್ಲಿ ನನ್ನ ಎರಡು ಚಹಾ ಕಪ್ಪು, ಒಂದು ಉಪ್ಪಿನಕಾಯಿ ಜಾಡಿ ಹೋದವು. ಕೇಳಿದರೆ ಅತ್ತೆ, "ಜಾಡಿ ನಡುವ ಬಂತು, ಫೌಲ್ ಜಾಡೀದ," ಎಂದಳು.

ಆಯ್ಕೆಯ ದಿನ ಬಂತು. ಅತ್ತೆ ಬಾಯಿ ತೆರೆಯಬಾರದು ಎಂದು ಕೋಚ್ ಮೊದಲೇ ಆಣೆ ಹಾಕಿಸಿಕೊಂಡಿದ್ದರು. ಅವಳು ಸೆರಗಿನ ಚುಂಗನ್ನು ಬಾಯಲ್ಲಿ ಕಚ್ಚಿಕೊಂಡು ಕೂತಳು. ಬಾಯಿಗೆ ಬೀಗ ಬಿದ್ದಿತ್ತು, ಮೊಣಕೈಗೆ ಬಿದ್ದಿರಲಿಲ್ಲ. ಮಗಳು ಹಾರಿದಾಗಲೆಲ್ಲ ನನ್ನ ಪಕ್ಕೆಗೆ ಒಂದು ಬೀಳುತ್ತಿತ್ತು.

ಮೊದಲರ್ಧ ಹಳೆಯ ಕಥೆಯೇ. ದೂರ ನಿಂತಳು, ಛಂದ ಆಡಿದಳು. ಆಯ್ಕೆ ಮಾಡುವವರು ಬೇರೆ ಹುಡುಗಿಯರನ್ನು ನೋಡುತ್ತಿದ್ದರು. ಇದೂ ಹೋಯಿತು ಎಂದುಕೊಂಡೆ. ವಿರಾಮದಲ್ಲಿ ಮಗಳು ನಮ್ಮ ಕಡೆ ನೋಡಿದಳು. ಅತ್ತೆ ಎದ್ದು ನಿಂತು, ಎರಡೂ ಕಾಲು ಅಗಲಿಸಿ, ನೆಲವನ್ನು ಒಂದು ಸಲ ತುಳಿದು ತೋರಿಸಿದಳು.

ಆಟ ಮತ್ತೆ ಶುರುವಾಯಿತು. ಚೆಂಡು ರಿಂಗಿಗೆ ಬಡಿದು ಚಿಮ್ಮಿತು. ಹುಡುಗಿಯರೆಲ್ಲ ಬುಟ್ಟಿಯ ಕೆಳಗೆ ನುಗ್ಗಿದರು. ನನ್ನ ಮಗಳು ಎಲ್ಲರ ನಡುವೆ, ಕಾಲು ಅಗಲಿಸಿ, ಬೆನ್ನು ಕೊಟ್ಟು ನಿಂತಳು. ಹಿಂದಿನಿಂದ ಬಂದವಳು ಗುದ್ದಿ ತಾನೇ ಹಿಂದಕ್ಕೆ ಸರಿದಳು. ಇವಳು ಹಾರಿ ಹಿಡಿದು ಇಳಿದಾಗ ಕಾಲು ಆ ಹುಡುಗಿಯ ಪಾದಕ್ಕೆ ತಾಗಿತು. ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಚೆಂಡು ಬುಟ್ಟಿಯಿಂದ ಕೆಳಗೆ ಬೀಳುತ್ತಿತ್ತು, ನನ್ನ ಮಗಳು ವಾಪಸ್ ಓಡುವ ದಾರಿಯಲ್ಲಿ ಆ ಹುಡುಗಿಯ ಭುಜ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು! ಆ ಹುಡುಗಿಗೂ ನಗು, ರೆಫರಿಗೂ ನಗು. ಆಮೇಲೆ ನೋಡಬೇಕಿತ್ತು. ಚೆಂಡು ಎಲ್ಲಿದೆಯೋ ಅಲ್ಲಿ ಅವಳು. ಕಿತ್ತುಕೊಂಡಳು, ಬಿದ್ದಳು, ಎದ್ದಳು, ಫೌಲ್ ಮಾಡಿದಳು, ನಮಸ್ಕಾರ ಮಾಡಿದಳು. ಇದೇ ಹುಡುಗಿಯೇ ನನ್ನ ಮನೆಯಲ್ಲಿ ಇಷ್ಟು ದಿನ ಉಂಡದ್ದು? ಆಸೆ ದೊಡ್ಡದಿಟ್ಟುಕೊಂಡವರು ಹತ್ತಿರ ಹೋಗಿ, ಮೈಗೆ ಮೈ ತಾಗಿಸಿಯೇ ಆಡಬೇಕು ಎಂದು ಅತ್ತೆ ಬಡಿದುಕೊಂಡದ್ದು ಸುಳ್ಳಲ್ಲ. ಇದನ್ನು ನಾನು ಅವಳ ಮುಂದೆ ಮಾತ್ರ ಹೇಳುವುದಿಲ್ಲ.

ಸಂಜೆ ಆಯ್ಕೆಯಾದವರ ಹೆಸರು ಕೂಗಿದರು. ಮಗಳ ಹೆಸರಿತ್ತು. ಅವಳು ಓಡಿ ಬಂದು ಅತ್ತೆಯನ್ನು ಅಪ್ಪಿಕೊಂಡಳು. ಹೆತ್ತವಳು ನಾನು ಪಕ್ಕದಲ್ಲೇ ಇದ್ದೆ! ಅತ್ತೆ ಬಾಯಿಂದ ಸೆರಗು ತೆಗೆದು, ದಿನವೆಲ್ಲ ಕಟ್ಟಿಟ್ಟ ಮಾತನ್ನು ಆಡಿದಳು:

"ಎಷ್ಟು ಫೌಲ್ ಮಾಡಿದಿ?"

"ಮೂರು, ಆಯಿ."

"ಇನ್ನೊಂದು ಹಂಗ ಹಾಳ ಮಾಡಿದ್ಯಲ್ಲ!"

ಕಮಲಾಪುರದ ಮನೆದೇವರಿಗೆ ಕಾಯಿ ಒಡೆಸಲು ಮೂವರೂ ಅಲ್ಲಿಂದಲೇ ಬಸ್ ಸ್ಟ್ಯಾಂಡಿಗೆ ಹೋದೆವು. ಶನಿವಾರ ಸಂಜೆ, ಜನವೋ ಜನ. ಬಸ್ಸು ತಿರುವಿನಲ್ಲಿ ಕಾಣಿಸಿತು. ನಾನು ರೂಢಿಯಂತೆ ಅತ್ತೆಯ ಮೊಣಕೈ ತಾಗದಷ್ಟು ದೂರ ಸರಿದೆ. ಅತ್ತೆ ಸೆರಗು ಸಿಕ್ಕಿಸಲಿಲ್ಲ. ಕಂಬ ಹಿಡಿದು ನಿಂತೇ ಇದ್ದಳು.

"ಮುಂದಿನ ಬಸ್ಸಿಗಿ ಹೋಗಮು ನಡಿ," ಎಂದಳು. "ಇದು ಭಾಳ ಗದ್ಲ ಅದ."

ಅತ್ತೆಯ ಬಾಯಲ್ಲಿ ಈ ಮಾತು! ನಾನು ತಿರುಗಿ ನೋಡಿದೆ. ಅವಳು ಒಂದು ಕೈಯಿಂದ ಮೊಣಕಾಲು ಒತ್ತಿಕೊಳ್ಳುತ್ತಿದ್ದಳು. ಇವಳಿಗೆ ವಯಸ್ಸಾಗಿದೆ ಎಂಬುದು ನನಗೆ ಅಲ್ಲಿಯ ತನಕ ತಿಳಿದೇ ಇರಲಿಲ್ಲ. ನನಗೆ ಸಂಕಟವಾಯಿತು.

ಮಾತಾಡಿಸೋಣ ಎಂದು ಮಗಳ ಕಡೆ ನೋಡಿದರೆ ಮಗಳಿಲ್ಲ. ಗುಂಪಿನ ತಲೆಗಳ ಮೇಲಿಂದ ಒಂದು ಬಿಳಿ ಬೂಟು ಹಾರಿ ಬಸ್ಸಿನ ಕಿಟಕಿಯೊಳಗೆ ಹೋಗಿ ಬಿತ್ತು. ಬಾಗಿಲಲ್ಲಿ "ಏ ಯವ್ವಾ, ಏನ್ ಪೋರಿ ಇದು!" ಎಂಬ ಕೂಗು. ಒಳಗೆ ಯಾರದೋ ಭುಜ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಕೈ. ಆಮೇಲೆ ಕಿಟಕಿಯಲ್ಲಿ ಬೆವೆತ ಮುಖ.

"ಆಯೀ, ಬಾ! ಜಾಗಾ ಹಿಡದೀನಿ!"

ಜನರನ್ನು ಸರಿಸಿಕೊಂಡು ಅತ್ತೆಯನ್ನು ಹತ್ತಿಸಿದೆ. ಸೀಟಿನ ಹತ್ತಿರ ಬಂದವಳೇ ಅತ್ತೆ ಮೇಲಿನ ಕಂಬಿ ಹಿಡಿದು ನಿಂತಳು. "ನೀ ಕೂಡು. ದಿನಾ ಎಲ್ಲಾ ಆಡೀದಿ," ಎಂದಳು ಮೊಮ್ಮಗಳಿಗೆ. ಇದೇ ಮಾತು, ಇದೇ ಕಂಬಿ. ನನ್ನ ಬಾಲ್ಯವೆಲ್ಲ ಈ ರಸ್ತೆಯಲ್ಲಿ ನಾನು ಕಿಟಕಿ ಪಕ್ಕ ಕೂತಿದ್ದೆ, ಅತ್ತೆ ನಿಂತಿದ್ದಳು. ಅಷ್ಟು ಜನರನ್ನು ಗುದ್ದಿ ಹಿಡಿದ ಸೀಟಿನಲ್ಲಿ ಅವಳು ಒಮ್ಮೆಯೂ ಕೂತದ್ದು ನನಗೆ ನೆನಪಿಲ್ಲ.

ಮಗಳು ಅಲುಗಲಿಲ್ಲ. ಓಡಾಡುವ ದಾರಿಯಲ್ಲಿ ಕಾಲು ಅಗಲಿಸಿ ನಿಂತಿದ್ದಳು, ಒಂದು ಕಾಲಲ್ಲಿ ಬೂಟು, ಇನ್ನೊಂದರಲ್ಲಿ ಬರೀ ಕಾಲುಚೀಲ.

"ನಿನ್ನ ಜಾಗಾ ಬಿಡಬ್ಯಾಡ ಅಂತ ನೀನ ಹೇಳೀದಿ, ಆಯಿ. ಕೂಡು."

ಅತ್ತೆ ಕೂತಳು. ಬೂಟನ್ನು ತೊಡೆಯ ಮೇಲಿಟ್ಟುಕೊಂಡು, ಪಕ್ಕದವರಿಗೆ ತಾಗದ ಹಾಗೆ ಮೊಣಕೈಗಳನ್ನು ಒಳಗೆ ಎಳೆದುಕೊಂಡಳು. ಬಸ್ಸು ಊರು ದಾಟಿತು. ತೊಗರಿ ಹೊಲಗಳು ಬಂದವು, ಸಂಜೆಯ ಬಿಸಿಲು ಅವುಗಳ ಮೇಲೆ ಬಿದ್ದಿತ್ತು. ಅತ್ತೆ ಕಿಟಕಿಗೆ ಹಣೆ ಹಚ್ಚಿ ನೋಡುತ್ತಲೇ ಇದ್ದಳು. ಮಹಾಗಾಂವ ದಾಟಿದ ಮೇಲೆ ತಟ್ಟನೆ ತಿರುಗಿ, ನನ್ನದೇ ತಪ್ಪೆಂಬಂತೆ ಗದರಿದಳು:

"ಈ ಹಾದಿ ಇಷ್ಟು ಛಂದ ಅದ ಅಂತ ನೀ ನಂಗ ಒಂದಿನಾನೂ ಹೇಳಿಲ್ಲಲ್ಲ!"