ನೆರಳು ಮಾರಿದ ಹುಡುಗಿ ಮತ್ತು ಇಂದ್ರಮ್ಮನ ಹಸು

ಬೇಯಿಸಿದ ಮೈದಾ ಅಂಟಿನ ವಾಸನೆ ಬಂದರೆ ಬಸವರಾಜುವಿಗೆ ಜೂನ್ ತಿಂಗಳು ನೆನಪಾಗುತ್ತಿತ್ತು. ಚಿಕ್ಕಂದಿನಲ್ಲಿ ಅವನ ಅಮ್ಮ ಶಾಲೆಯ ಪುಸ್ತಕಗಳಿಗೆ ಅದೇ ಅಂಟಿನಿಂದ ರಟ್ಟು ಹಾಕುತ್ತಿದ್ದಳು. ಗೆಳೆಯ ಧರ್ಮ ಹಳೇ ಪುಸ್ತಕದಂಗಡಿಯಿಂದ ತಂದ ಮಾಯಾಲೋಕದ ಕಾದಂಬರಿ ಮಾಲೆಗೂ ಅದೇ ವಾಸನೆ.

"ಓದು ಮಾರಾಯ, ಊಟ ಮರ್ತೋಗ್ತೀಯ," ಎಂದು ಧರ್ಮ ಮೊದಲ ಭಾಗ ಕೊಟ್ಟಿದ್ದ.

ನೆರಳಿಗೂ ಕಂದಾಯ ಕಟ್ಟಬೇಕಾದ ರಾಜ್ಯ. ಕಟ್ಟಲಾಗದೆ ನೆರಳನ್ನೇ ಮಾರಿಬಿಟ್ಟ ನೀಲವೇಣಿ. ಹೊಂಗಡಹಳ್ಳದ ಎಸ್ಟೇಟಿನಲ್ಲಿ ರೈಟರ್ ಆಗಿದ್ದ ಬಸವರಾಜು ಹಾಜರಿ ಬರೆಯುವಾಗಲೂ ಅವಳದೇ ಚಿಂತೆ ಮಾಡುತ್ತಿದ್ದ. ಒಂದೊಂದು ಭಾಗ ಮುಗಿದಾಗಲೂ ಸಕಲೇಶಪುರ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಧರ್ಮನನ್ನು ಕೂರಿಸಿ, ಕತೆಯನ್ನೆಲ್ಲ ಹೇಳಿ, ಮುಂದಿನದನ್ನು ಪಡೆಯುತ್ತಿದ್ದ. ಧರ್ಮ ಕಾಫಿ ಆರಿದರೂ ಕೇಳುತ್ತಿದ್ದ.

ಈ ಭಾನುವಾರ ಕೊನೆಯ ಭಾಗದ ಕೊನೆಯ ಅಧ್ಯಾಯ. ನೀಲವೇಣಿ ನೆರಳುಗಳ ಉಗ್ರಾಣದ ಬಾಗಿಲು ತಳ್ಳುವುದಕ್ಕೂ ಪಕ್ಕದ ಮನೆಯ ಇಂದ್ರಮ್ಮ ಕೂಗುವುದಕ್ಕೂ ಸರಿಹೋಯಿತು. ಕಣದಲ್ಲಿ ಕಾಫಿ ಒಣಗಲು ಹರಡಿದ್ದರು. ಇಂದ್ರಮ್ಮ ಅಂಗಡಿಗೆ ಹೋಗಿ ಬರುವವರೆಗೆ ಒಮ್ಮೆ ಕೈಯಾಡಿಸಬೇಕಂತೆ. ಇಲ್ಲ ಎನ್ನಲು ಬಾರದ ಬಸವರಾಜು ಪುಸ್ತಕವನ್ನು ಕಟ್ಟೆಯ ಮೇಲಿಟ್ಟು ಹೋದ. ತಿರುಗಿ ನೋಡುವಾಗ ಇಂದ್ರಮ್ಮನ ಹಸು, ಮದುವೆ ಮನೆಯ ಕೊನೆಯ ಪಂಕ್ತಿಗೆ ಕೂತ ನೆಂಟನಂತೆ, ಆತುರವಿಲ್ಲದೆ ಜಗಿಯುತ್ತಿತ್ತು. ಹಿಂಬದಿಯ ರಟ್ಟೂ ಇಲ್ಲ, ಕೊನೆಯ ಅಧ್ಯಾಯವೂ ಇಲ್ಲ.

ಕೇರಿಯೆಲ್ಲ ಸೇರಿತು, ಹಸುವಿನ ಯೋಗಕ್ಷೇಮ ವಿಚಾರಿಸಲು. ಅಕ್ಷರದ ಮಸಿಯಿಂದ ಹಾಲು ಕೆಟ್ಟರೆ ಯಾರು ಹೊಣೆ ಎಂದು ಇಂದ್ರಮ್ಮ ಕೇಳಿದರು. ಬಸವರಾಜು ಹಸುವಿನ ಮುಂದೆ ಕಾವಲು ಕೂರಬೇಕಾಯಿತು.

"ಮೆಲುಕು ಹಾಕ್ತಾ ಐತೆ, ಕಿವಿಗೊಟ್ಟು ಕೇಳ್ಕೊಳಪ್ಪ ಕತೇನ," ಎಂದರು ಕೇರಿಯ ಜವರಪ್ಪ.

ಹಸು ಎಂದಿನಂತೆ ಸಗಣಿ ಹಾಕಿದ ಮೇಲೆಯೇ ಅವನಿಗೆ ಬಿಡುಗಡೆ. ಪುಸ್ತಕದಂಗಡಿಗೆ ಫೋನ್ ಮಾಡಿದರೆ, ಅದೊಂದೇ ಪ್ರತಿ ಇದ್ದದ್ದು ಎಂದರು. ಧರ್ಮನ ಫೋನ್ ಹತ್ತಲಿಲ್ಲ. ಕೊಟ್ಟವನು ಓದಿರಲೇಬೇಕಲ್ಲ ಎಂದು ಬಸವರಾಜು ಬಸ್ ಮೇಲೆ ಬಸ್ ಹಿಡಿದು, ನಿಂತೇ ಪ್ರಯಾಣಿಸಿ, ಸಂಜೆಗೆ ಕೆ. ಹೊಸಕೋಟೆಯ ಧರ್ಮನ ಮನೆ ಮುಟ್ಟಿದ. ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ.

"ಧರ್ಮ, ಅವಳ ನೆರಳು ಸಿಕ್ತೇನೋ?"

ಧರ್ಮನ ಮುಖ ಸಪ್ಪಗಾಯಿತು. "ನಂಗೇನ್ ಗೊತ್ತು? ದಪ್ಪ ಪುಸ್ತಕ ಹಿಡಿದ್ರೆ ನಂಗೆ ನಿದ್ದೆ ಬತ್ತದೆ ಕಣೋ. ಅವ್ವಂಗೆ ಕಣ್ಣು ಮಂಜಾಗೈತೆ, ಕತೆ ಅಂದ್ರೆ ಪ್ರಾಣ. ನೀನು ಹೇಳಿದ್ದನ್ನ ತಂದು ಹೇಳ್ತಿದ್ದೆ."

ಒಳಗೆ ಚಾಪೆಯ ಮೇಲೆ ಧರ್ಮನ ಅವ್ವ ದೇವೀರಮ್ಮ, ಸುತ್ತ ಕತೆಯ ಕೊನೆಗೆ ಕಾದು ಕೂತ ನೆರೆಹೊರೆಯವರು. ಎಲ್ಲರ ಮುಖವೂ ಬಾಗಿಲಿಗೆ ತಿರುಗಿತು.

"ಬಂದ್ಯಾ ಮಗ? ಆ ಕೂಸಿಗೆ ನೆಳ್ಳು ಸಿಕ್ತಾ?" ಎಂದರು ದೇವೀರಮ್ಮ.

ಬಸವರಾಜು ಹಸುವಿನ ಕತೆ ಹೇಳಿದ. ಮೂಲೆಯಲ್ಲಿದ್ದ ಗುಂಡಯ್ಯನವರು ಎಲೆ ಉಗಿದು ಬಂದು, "ಓದೋಕೆ ಕೊಟ್ರೆ ಮೇಯ್ಸಿ ಬಂದವ್ನೆ," ಎಂದರು. ಒಬ್ಬೊಬ್ಬರಾಗಿ ಮುನಿಸಿಕೊಂಡು ಎದ್ದು ಹೋದರು. ಧರ್ಮನೂ ಅವರ ಹಿಂದೆಯೇ ಅಂಗಳಕ್ಕಿಳಿದ.

ದೇವೀರಮ್ಮ ಮಾತ್ರ ಮೆಲ್ಲಗೆ ಕೇಳಿದರು: "ರಟ್ಟಿನ ಕಡೆಯಿಂದ್ಲೇ ತಿಂತಾ ಅದು?"

"ಹೂಂ ಅವ್ವ."

"ಆ ಹಳೇ ಪುಸ್ತಕಗಳಿಗೆ ರಟ್ಟು ಹಾಕ್ದೋಳು ನಾನೇಯ. ಹುಳ ಹಿಡೀದಿರ್ಲಿ ಅಂತ ಅಂಟಿಗೆ ಉಪ್ಪು ಹಾಕಿದ್ದೆ ಕಣಪ್ಪ. ಒಂದು ಕೈ ಜಾಸ್ತಿಯಾಯ್ತೇನೋ."

ಅವರು ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಹೋದರು. ಬಿಸಿ ಕಡುಬು, ಅವರೆಕಾಳು ಸಾರು ಬಡಿಸಿ ತಂದು, ತಟ್ಟೆಯನ್ನು ಅವನ ಕೈಗಿಟ್ಟರು.